ಮಂಜಿನ ಮೇಲೆ ಸುತ್ತಿದ ವಿಮಾನ

ಜನವರಿ 8, ಬೆಳಿಗ್ಗೆ

ಅಂಗಡಿ ತೆರೆದೆ. ಎರಡು ಕನ್ನಡಕಕ್ಕೆ ಗ್ಲಾಸ್ ಕೂರಿಸಿದೆ — ಒಂದನ್ನು ಹಿಂದುಮುಂದಾಗಿ. ಸಾಕೆನಿಸಿ ಬಾಗಿಲೆಳೆದು ಆಸ್ಪತ್ರೆಗೆ ಬಂದೆ.

ರಕ್ತದ ಕ್ಯಾನ್ಸರಿಗೆ ತಮ್ಮನ ಕೊನೆಯ ಕೀಮೋ ಮುಗಿಯಿತು. ಮೂಳೆಯೊಳಗಿನ ಮಜ್ಜೆಯನ್ನೆಲ್ಲ ಸುಟ್ಟಾಗಿದೆ. ಹೊಸದು ಬರಲೇಬೇಕು. ನನ್ನದು ಹೊಂದಲಿಲ್ಲ. ಒಡಹುಟ್ಟಿದವಳದ್ದೇ ಹೊಂದಲಿಲ್ಲ! ಹೊಂದಿದ್ದು ಭೂಮಿಯ ಆ ಕಡೆಯ, ಗುರುತು ಪರಿಚಯವಿಲ್ಲದ ಯಾರದ್ದೋ.

ಸೋಂಕು ತಗಲದಂತೆ ಅವನನ್ನಿಟ್ಟ ಕೋಣೆಯ ಗಾಜಿನಾಚೆಯಿಂದ ಫೋನಿನಲ್ಲಿ ಕೇಳಿದ, "ಎಷ್ಟು ದೂರ ಅಕ್ಕಾ?"

"ಹನ್ನೆರಡು ಸಾವಿರ ಕಿಲೋಮೀಟರ್. ಎರಡು ವಿಮಾನ. ಮಧ್ಯೆ ಕಾಯೋದೂ ಸೇರಿ ಇಪ್ಪತ್ತೊಂದು ಗಂಟೆ."

"ನಾನು ಸ್ಕೂಲಿಗೆ ಹೊರಡೋಕೆ ಅಷ್ಟೇ ಹೊತ್ತು ತಗೋತಿದ್ದೆ, ಅಲ್ವಾ?"

ನಕ್ಕೆ. ಅವನೆದುರು ನಗುವುದೊಂದೇ ನನ್ನಿಂದಾಗುವುದು.

ಜನವರಿ 9, ಮಧ್ಯಾಹ್ನ

ಮಜ್ಜೆಯ ಪೆಟ್ಟಿಗೆ ಹೊರಟಿತು. ಸೇವೆಯೆಂದು ಅದನ್ನು ತರುತ್ತಿರುವವರು ರಿಟೈರಾದ ಪೋಸ್ಟ್‌ಮಾಸ್ತರರಂತೆ. ಕಾಲಬುಡದಲ್ಲೇ ಇಟ್ಟುಕೊಂಡು ಕೂರುತ್ತಾರಂತೆ.

"ಜೀವಕೋಶಗಳು ಮೂರು ದಿನ ತಡೀತವೆ," ಎಂದರು ಡಾಕ್ಟರಮ್ಮ. "ಆಮೇಲೆ ಸಾಯ್ತಾ ಹೋಗ್ತವೆ. ಗಾಬರಿ ಬೇಡ, ಬೇಕಾದಷ್ಟು ಟೈಮಿದೆ."

ಫೋನಿನ ನಕ್ಷೆಯಲ್ಲಿ ಪುಟ್ಟ ವಿಮಾನ. ಸಮುದ್ರದ ಮೇಲೆ. ಎಷ್ಟು ನೋಡಿದರೂ ಅಲ್ಲೇ…

ಜನವರಿ 10, ಬೆಳಿಗ್ಗೆ

ಮಂಜು. ಎದುರಿನ ಪಾರ್ಕಿಂಗೂ ಕಾಣುತ್ತಿಲ್ಲ. ಎರಡನೇ ವಿಮಾನ ನಮ್ಮ ನೆತ್ತಿಯ ಮೇಲೇ ಮೂರು ಸುತ್ತು ಹಾಕಿತು. ಆಮೇಲೆ ಮೂತಿ ತಿರುಗಿಸಿ ಹೋಗಿ ಬೇರೆ ಊರಿನಲ್ಲಿ ಇಳಿಯಿತು — ಒಂಬೈನೂರು ಕಿಲೋಮೀಟರ್ ಆಚೆ.

ಏರ್‌ಲೈನ್‌ನವನಿಗೆ ಫೋನ್ ಮಾಡಿದೆ.

"ಮಂಜು ಕರಗೋವರೆಗೂ ನಿಮ್ಮೂರಿಗೆ ಯಾವ ವಿಮಾನಾನೂ ಬರಲ್ಲ, ಮೇಡಂ."

"ಅದರಲ್ಲಿ ನನ್ನ ತಮ್ಮನ ಜೀವ ಇದೆ ಕಣಪ್ಪಾ."

"ನನ್ನ ಕೈಲಿ ಏನಿದೆ ಹೇಳಿ ಅಕ್ಕಾ?" ಎಂದ.

ಫೋನಿಟ್ಟೆ.

ಜನವರಿ 11

ಮಂಜು ಹಾಗೇ ಇದೆ. ಪೋಸ್ಟ್‌ಮಾಸ್ತರರು ಕಾದು ಸಾಕಾಗಿ ಟ್ಯಾಕ್ಸಿ ಹಿಡಿದಿದ್ದಾರೆ. ರಸ್ತೆಯ ಮೇಲೂ ಮಂಜು. ಆಮೆ ನಡಿಗೆ.

"ಬಂತಾ?" ತಮ್ಮ ಕೇಳಿದ.

"ದಾರೀಲಿದೆ."

"ನಿಂಗೆ ಸುಳ್ಳು ಹೇಳೋಕೆ ಬರಲ್ಲ ಅಕ್ಕಾ."

"ಸುಳ್ಳಲ್ಲ ಕಣೋ. ದಾರೀಲೇ ಇದೆ."

ಗಾಜಿಗೆ ಹಣೆಯಿಟ್ಟು ನಿಂತೆ. ಆ ಕಡೆಯಿಂದ ಅವನೂ.

ಜನವರಿ 12, ಸಂಜೆ

ಬಂತು! ಮೂರು ದಿನದ ಗಡುವು ಮಧ್ಯಾಹ್ನಕ್ಕೇ ಮುಗಿದಿತ್ತು. ಪೋಸ್ಟ್‌ಮಾಸ್ತರರ ಕಣ್ಣು ನಿದ್ದೆಗೆಟ್ಟು ಕೆಂಡದಂತೆ. "ತಡ ಆಗೋಯ್ತಮ್ಮಾ," ಎಂದು ನನ್ನ ಕೈ ಹಿಡಿದು ಅತ್ತರು. ನಾನೇ ಸಮಾಧಾನ ಮಾಡಬೇಕಾಯಿತು.

ಲ್ಯಾಬಿನಿಂದ ಡಾಕ್ಟರಮ್ಮ ಬಂದರು. "ಅರ್ಧದಷ್ಟು ಬದುಕಿವೆ. ಸಾಕಾಗಬಹುದು."

ಬಹುದು.

ಅಷ್ಟು ದೂರದಿಂದ ಬಂದದ್ದು ಡ್ರಿಪ್‌ನಲ್ಲಿ ಇಳಿದು ಮುಗಿಯಲು ಒಂದು ಗಂಟೆಯೂ ಹಿಡಿಯಲಿಲ್ಲ.

ಫೆಬ್ರವರಿ 4

ಇಷ್ಟು ದಿನ ಬರೆಯಲಾಗಲಿಲ್ಲ. ತಮ್ಮನಿಗೆ ಜ್ವರ. ಅವನ ಬಾಯಿ ತುಂಬ ಹುಣ್ಣು. ರಕ್ತದ ಬಿಳಿಕಣಗಳ ಕೌಂಟ್ ದಿನವೂ ಸೊನ್ನೆ.

ಇಂದು ಚೂರು ಏರಿದೆ. "ಹೊಸ ಮಜ್ಜೆ ಹಿಡ್ಕೊಂಡಿರೋ ಹಾಗಿದೆ," ಎಂದರು ಡಾಕ್ಟರಮ್ಮ. "ಆದ್ರೆ ಈಗ್ಲೇ ಏನೂ ಹೇಳೋಕಾಗಲ್ಲ."

ತಮ್ಮನಿಗೆ ಹೇಳಿದೆ. ಅವನೆಂದ, "ಕೊಟ್ಟವರಿಗೆ ಥ್ಯಾಂಕ್ಸ್ ಹೇಳ್ಬೇಕು."

"ಎರಡು ವರ್ಷ ಹೆಸರು ಕೇಳೋ ಹಾಗಿಲ್ವಂತೆ."

"ಹಾಗಾದ್ರೆ ಎರಡು ವರ್ಷ ಇರ್ಬೇಕಾಯ್ತಲ್ಲ ನಾನು."

ಇರ್ತೀಯ ಬಿಡು, ಎನ್ನಬೇಕಿತ್ತು. ಬಾಯಿ ತೆರೆದೆ. ಗಾಜಿನಾಚೆ ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾಯುತ್ತಿದ್ದ. ನಾನು ಗಾಜಿಗೆ ಹಣೆಯಿಟ್ಟು, "ದಾರೀಲಿದೀವಿ ಕಣೋ," ಎಂದೆ.