ಜಾಕೆಟ್ ಬಂತು, ಅತ್ತೆ ಬರಲಿಲ್ಲ

ದೋಣಿ ವಿಹಾರ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಕಳೆದ ತಿಂಗಳು ಒಂದು ಭಾನುವಾರ ನಿಮ್ಮ ದೋಣಿ ನನ್ನ ಅತ್ತೆಯವರನ್ನು ಕೆರೆಯ ನಡುಗಡ್ಡೆಯಲ್ಲೇ ಬಿಟ್ಟು ಬಂತು. ನಾನು ದೂರು ಕೊಟ್ಟೆ. ಅದರ ಮೇಲೆ ತಾವು ಕೈಗೊಂಡ ಕ್ರಮ ಈಗ ಟಿಕೆಟ್ ಕಿಟಕಿಯ ಪಕ್ಕದಲ್ಲಿ ಅಂಟಿಕೊಂಡಿದೆ: 'ಹಿರಿಯ ನಾಗರಿಕರಿಗೆ ಜವಾಬ್ದಾರಿಯುತ ಕುಟುಂಬ ಸದಸ್ಯರ ಜೊತೆಯಲ್ಲಿ ಮಾತ್ರ ನಡುಗಡ್ಡೆಗೆ ಪ್ರವೇಶ.' ಬಿಟ್ಟು ಬಂದವರಿಗೆ ಏನೂ ಆಗಲಿಲ್ಲ, ಉಳಿದುಹೋದವರಿಗೆ ಶಿಕ್ಷೆಯಾಯಿತು. ಆ ಒಂದು ಸಾಲನ್ನು ಅಲ್ಲಿಂದ ಕೀಳಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಅಂದು ನಡೆದದ್ದನ್ನು ತಮ್ಮ ಸಿಬ್ಬಂದಿ ತಮಗೆ ಹೇಗೆ ಹೇಳಿದ್ದಾರೋ ನನಗೆ ಗೊತ್ತಿಲ್ಲ, ನಾನು ಕಂಡಂತೆ ಹೇಳುತ್ತೇನೆ. ನಾವು ಮೂವರು ಹೋಗಿದ್ದೆವು: ನಾನು, ನನ್ನ ಗಂಡ, ಅತ್ತೆ. ಮಾವನವರು ತೀರಿಕೊಂಡು ಒಂದು ವರ್ಷವಾಗಿತ್ತು. ಅಂದಿನಿಂದ ಅತ್ತೆ ಮನೆಯ ಹೊಸಿಲು ದಾಟಿದ್ದು ಕಡಿಮೆ. 'ಸ್ವಲ್ಪ ಗಾಳಿ ಕುಡಿದು ಬರೋಣ ಬನ್ನಿ' ಎಂದು ಬಲವಂತ ಮಾಡಿ ಹೊರಡಿಸಿದವಳು ನಾನೇ. ನಿಮ್ಮ ದಡದಲ್ಲಿ ಎಲ್ಲರಿಗೂ ಒಂದೊಂದು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಡಿಸುತ್ತೀರಿ. ಅದು ಒಳ್ಳೆಯದೇ. ಆದರೆ ವಾಪಸು ಬರುವಾಗ ನಿಮ್ಮವರು ಎಣಿಸುವುದು ಜನರನ್ನಲ್ಲ, ಆ ಜಾಕೆಟ್‌ಗಳನ್ನು. ಜನ ಅಲುಗಾಡುತ್ತಾರೆ, ಎದ್ದು ನಿಂತು ಫೋಟೊ ತೆಗೆಯುತ್ತಾರೆ, ಎಣಿಸುವವರ ತಲೆ ಕೆಡಿಸುತ್ತಾರೆ. ಜಾಕೆಟ್ ಪಾಪ, ಇಟ್ಟಲ್ಲಿ ಇರುತ್ತದೆ.

ನಡುಗಡ್ಡೆಯಲ್ಲಿ ಅತ್ತೆ ಸೆಖೆ ಎಂದು ಜಾಕೆಟ್ ಬಿಚ್ಚಿ ಮಗನ ಕೈಗೆ ಕೊಟ್ಟು, ಬಿದಿರುಮೆಳೆಯ ಆಚೆಗಿನ ಬೆಂಚಿನಲ್ಲಿ ಕುಳಿತರು. ನಿಮ್ಮವರು ಸೀಟಿ ಊದಿದರು. ಅದು ಅಂದಿನ ಕೊನೆಯ ದೋಣಿ. ನಿಮ್ಮ ದೋಣಿಯಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ ಕೂರಬೇಕಲ್ಲ, ಅತ್ತೆ ಮಗನ ಜೊತೆ ನಿಧಾನವಾಗಿ ಬಂದು ಅಲ್ಲೇ ಹಿಂದೆ ಕೂತಿರಬೇಕು ಎಂದು ನಾನಂದುಕೊಂಡೆ. ಅಮ್ಮ ಮುಂದೆ ಹೆಂಡತಿಯ ಜೊತೆ ಇರುತ್ತಾಳೆ ಎಂದು ನನ್ನ ಗಂಡ ಅಂದುಕೊಂಡರು, ಅಂದುಕೊಂಡು ಅಮ್ಮನ ಜಾಕೆಟ್ಟನ್ನು ಪಕ್ಕದ ಸೀಟಿನ ಮೇಲೆ ಒಪ್ಪವಾಗಿ ಇಟ್ಟುಕೊಂಡರು. ನಿಮ್ಮವರು ಎಣಿಸಿದರು. ಲೆಕ್ಕ ಸರಿಹೋಯಿತು. ದೋಣಿ ಹೊರಟಿತು.

ದಡಕ್ಕೆ ಬಂದು ಇಳಿದ ಮೇಲೆ ನಾವು ಗಂಡ ಹೆಂಡತಿ ಒಬ್ಬರನ್ನೊಬ್ಬರು 'ಅಮ್ಮ ಎಲ್ಲಿ?' ಎಂದು ಕೇಳಿದೆವು. ನಾನು ಕೌಂಟರಿಗೆ ಓಡಿದೆ. ಅಲ್ಲಿ ತಮ್ಮ ಮೇಲ್ವಿಚಾರಕರು ಜಾಕೆಟ್‌ಗಳನ್ನು ಗೂಟಕ್ಕೆ ನೇತುಹಾಕಿಸುತ್ತಿದ್ದರು.

"ನಮ್ಮತ್ತೆ ಅಲ್ಲೇ ಉಳ್ಕೊಂಡಿದಾರೆ ಸಾರ್, ಬೇಗ ದೋಣಿ ಕಳ್ಸಿ."

"ಚಾನ್ಸೇ ಇಲ್ಲ ಮೇಡಂ. ಜಾಕೆಟ್ ಎಲ್ಲಾ ಬಂದಿದೆ. ನಡುಗಡ್ಡೇಲಿ ಯಾರೂ ಇಲ್ಲ."

ನಾನು ಕೈ ತೋರಿಸಿದೆ. ನನ್ನದು ಕನ್ನಡಕದ ಅಂಗಡಿ, ದೂರದ್ದನ್ನು ಜನರಿಗೆ ಓದಿಸುವುದೇ ನನ್ನ ಹೊಟ್ಟೆಪಾಡು. ಆ ದಡದಲ್ಲಿ ಅತ್ತೆಯ ನೀಲಿ ಶಾಲು ಚೆನ್ನಾಗಿಯೇ ಕಾಣಿಸುತ್ತಿತ್ತು.

"ಅಲ್ನೋಡಿ, ನೀಲಿ ಶಾಲು. ನಿಂತಿದಾರಲ್ಲ!"

ಅವರು ಕಣ್ಣು ಕಿರಿದು ಮಾಡಿ ನೋಡಿದರು. "ಯಾರೋ ಇರಬಹುದು. ನಮ್ಮ ಲೆಕ್ಕದವರಲ್ಲ."

"ಅಯ್ಯೋ, ಲೆಕ್ಕದಲ್ಲಿ ಇಲ್ದಿರೋರನ್ನೇ ಕರ್ಕೊಂಡ್ ಬನ್ನಿ ಸಾರ್, ನಾವು ಒಪ್ಕೋತೀವಿ."

"ಜಾಕೆಟ್ ಇಲ್ದೇ ದೋಣಿ ಹತ್ತೋ ಹಾಗಿಲ್ಲ ಮೇಡಂ. ಅವರ ಜಾಕೆಟ್ ಇಲ್ಲೇ ಇದ್ಯಲ್ಲ."

"ಅದನ್ನ ತಗೊಂಡ್ ಹೋಗಿ ಕೊಡಿ ಮತ್ತೆ!"

"ಟಿಕೆಟ್ ಇಲ್ದೇ ಜಾಕೆಟ್ ಆಚೆ ಹೋಗಲ್ಲ. ಕಿಟಕಿ ಮುಚ್ಚಾಯ್ತು."

ಮಾನ್ಯರೇ, ಇಷ್ಟು ಕಟ್ಟುನಿಟ್ಟಾದ ವ್ಯವಸ್ಥೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಣ್ಣೆದುರಿಗೆ ಒಬ್ಬರು ನಿಂತಿದ್ದರೂ ತಪ್ಪು ಅವರದ್ದೇ ಆಗುತ್ತದೆ, ಲೆಕ್ಕದ್ದಾಗುವುದಿಲ್ಲ. ನನ್ನ ಗಂಡ ಸಾಮಾನ್ಯವಾಗಿ ದನಿ ಎತ್ತದವರು. ಅವರು ಷರ್ಟಿನ ಗುಂಡಿ ಬಿಚ್ಚಿ ಈಜಿಕೊಂಡೇ ಹೋಗುತ್ತೇನೆ ಎಂದು ನೀರಿಗೆ ಇಳಿಯತೊಡಗಿದರು. ಅವರಿಗೆ ಈಜು ಬರುವುದಿಲ್ಲ. ಕೊನೆಗೆ ದೋಣಿ ನಡೆಸುವವರು ಯಾರ ಮುಖವನ್ನೂ ನೋಡದೆ, "ಸಾರ್, ಕಸದ ಡಬ್ಬ ತರೋದು ಮರ್ತಿದ್ದೆ, ತಂದ್ಬಿಡ್ತೀನಿ" ಎಂದು ಎಂಜಿನ್ ಚಾಲೂ ಮಾಡಿದರು. ಕಸ ತರಲು ಟಿಕೆಟ್ ಬೇಕಿಲ್ಲವಂತೆ, ಜಾಕೆಟ್ಟೂ ಬೇಕಿಲ್ಲವಂತೆ. ನಮ್ಮ ಅತ್ತೆ ಎರಡು ಕಸದ ಡಬ್ಬಗಳ ನಡುವೆ ಕುಳಿತು ದಡ ಸೇರಿದರು. ಆ ಪುಣ್ಯಾತ್ಮರಿಗೆ ಇದಕ್ಕಾಗಿ ನೋಟಿಸು ಕೊಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಅತ್ತೆ ಇಳಿದವರೇ ಕೇಳಿದ್ದು, "ಇಷ್ಟು ಬೇಗ ದೋಣಿ ಯಾಕೆ ಕಳ್ಸಿದ್ರಿ?" ಎಂದು. ಹೆದರಿಕೆಯಲ್ಲಿ ಏನೋ ಅನ್ನುತ್ತಿದ್ದಾರೆ ಎಂದುಕೊಂಡು ನಾನು ಅವರ ಬೆನ್ನು ಸವರಿದೆ. ಮರುದಿನವೇ ತಮಗೆ ದೂರು ಬರೆದೆ.

ಎರಡು ವಾರದ ಮೇಲೆ ಒಂದು ಮಧ್ಯಾಹ್ನ ಅತ್ತೆ ನೀಲಿ ಶಾಲು ಹೊದ್ದು, ಯಾರಿಗೂ ಹೇಳದೆ, ಒಬ್ಬರೇ ನಿಮ್ಮಲ್ಲಿಗೆ ಬಂದಿದ್ದರು. "ಜವಾಬ್ದಾರಿಯುತ ಕುಟುಂಬ ಸದಸ್ಯರು ಎಲ್ಲಮ್ಮಾ?" ಎಂದು ಕೇಳಿ ನಿಮ್ಮವರು ವಾಪಸು ಕಳಿಸಿದರು. ಅವರು ಬಸ್ಸು ಹಿಡಿದು ನೇರ ನನ್ನ ಅಂಗಡಿಗೆ ಬಂದು, ಗಿರಾಕಿಗಳು ಕೂರುವ ಕುರ್ಚಿಯಲ್ಲಿ ಕುಳಿತರು. ಅಷ್ಟು ಕೋಪ ಅವರ ಮುಖದಲ್ಲಿ ನಾನು ಕಂಡಿರಲಿಲ್ಲ.

"ದೂರು ಕೊಡು ಅಂತ ನಿನಗೆ ಯಾರೇ ಹೇಳಿದ್ದು?"

"ನಿಮ್ಮನ್ನ ಬಿಟ್ಟು ಬಂದ್ರಲ್ಲ ಅತ್ತೆ, ಸುಮ್ನಿರಕ್ಕಾಗತ್ತಾ? ಸೀಟಿ ಊದಿದ್ದೂ ನಿಮಗೆ ಕೇಳಿಸಿಲ್ಲ..."

"ಕೇಳಿಸ್ತು." ಜೀವಮಾನವಿಡೀ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದ ಕಿವಿ ಅದು. ನಾನಾದರೂ ಯೋಚಿಸಬೇಕಿತ್ತು. "ಚೆನ್ನಾಗೇ ಕೇಳಿಸ್ತು. ದೋಣಿ ಹೋಗೋದನ್ನೂ ನೋಡ್ದೆ. ನಿಮ್ಮ ಮಾವ ಹೋದ್ಮೇಲೆ ನಾನು ಒಂದ್ಸಲಾನೂ ಬಾಯಿಬಿಟ್ಟು ಅತ್ತಿಲ್ಲ ಕಣೇ. ಮನೇಲಿ ಮೂಗು ಒರೆಸ್ಕೊಂಡ್ರೆ ನೀನು ಮಾತ್ರೆ ಹಿಡ್ಕೊಂಡು ಬರ್ತೀಯ, ಅವನು ಡಾಕ್ಟರಿಗೆ ಫೋನ್ ಮಾಡ್ತಾನೆ. ಬಚ್ಚಲಲ್ಲಿ ಸ್ವಲ್ಪ ಹೊತ್ತಾದ್ರೆ ಬಾಗಿಲು ಬಡೀತೀರಿ. ಎಲ್ಲಿ ಅಂತ ಅಳ್ಲಿ? ದೋಣಿ ಅಷ್ಟು ದೂರ ಹೋಗ್ಲಿ ಅಂತ ಕಾದೆ. ಆಮೇಲೆ ಗೋಳೋ ಅಂತ ಅತ್ತುಬಿಟ್ಟೆ. ಹೇಳದೆ ಕೇಳದೆ ಹೊರಟುಹೋದ್ರಲ್ಲ ಅಂತ ನಿಮ್ಮ ಮಾವನ್ನ ಬಾಯಿಗೆ ಬಂದಂಗೆ ಬೈದೆ. ಇನ್ನೂ ಬೈಯೋದಿತ್ತು, ಅಷ್ಟರಲ್ಲಿ ಕಸದ ದೋಣಿ ಬಂತು."

ನಾನು ಅಂಗಡಿಯ ಬಾಗಿಲು ಅರ್ಧ ಎಳೆದು ಬಂದು ಕುಳಿತೆ. ತುಂಬ ಸಂಕಟವಾಯಿತು. ಒಂದು ವರ್ಷ ನಾವು ಅವರನ್ನು ಅಂಗೈಯಲ್ಲಿಟ್ಟು ನೋಡಿಕೊಂಡಿದ್ದೇವೆಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದವಳು ನಾನು.

ಈಗ ತಮ್ಮ ಆದೇಶಕ್ಕೆ ಬರೋಣ. ಜವಾಬ್ದಾರಿಯುತ ಕುಟುಂಬ ಸದಸ್ಯರು ಜೊತೆಗಿರಬೇಕು ಎನ್ನುತ್ತೀರಿ. ಅಂದು ಅತ್ತೆಯ ಜೊತೆ ಅಂಥವರು ಇಬ್ಬರಿದ್ದರು, ಮತ್ತು ಅವರನ್ನು ಬಿಟ್ಟು ದೋಣಿ ಹತ್ತಿದವರು ಆ ಇಬ್ಬರೇ. ಮೂವರಿದ್ದಿದ್ದರೆ ಮೂರನೆಯವರೂ ಹಾಗೇ ಹತ್ತಿರುತ್ತಿದ್ದರು. ಇನ್ನೊಂದು ಮಾತು. ನನ್ನ ದೂರಿಗೆ ತಾವು ಕೊಟ್ಟ ಉತ್ತರದಲ್ಲಿ, 'ಅಂದು ಎಲ್ಲ ಜಾಕೆಟ್‌ಗಳೂ ಹಿಂದಿರುಗಿರುವುದರಿಂದ ನಡುಗಡ್ಡೆಯಲ್ಲಿ ಯಾರೂ ಉಳಿದಿರಲಿಲ್ಲ' ಎಂದಿದೆ. ಸರಿ, ಒಪ್ಪಿದೆ. ಯಾರೂ ಉಳಿದಿರದಿದ್ದರೆ ಯಾರಿಗೆ ಅಪಾಯವಾಗಿತ್ತೆಂದು ಈ ನಿರ್ಬಂಧ? ಉಳಿದಿದ್ದರೆ, ಜಾಕೆಟ್ ಎಣಿಸಿದವರ ವಿವರಣೆ ಎಲ್ಲಿ? ಇರಲೂ ಇಲ್ಲದ ಒಬ್ಬ ಮುದುಕಿಗೆ ಹೆದರಿ ಊರಿನ ಹಿರಿಯರಿಗೆಲ್ಲ ಬಾಗಿಲು ಹಾಕಿದ ಕಚೇರಿ ಎಂದು ಕರೆಸಿಕೊಳ್ಳುವುದು ತಮಗೂ ಶೋಭೆಯಲ್ಲ.

ಆದ್ದರಿಂದ ಆ ಸಾಲನ್ನು ಕೀಳಿಸಿ. ಕೊನೆಯ ದೋಣಿ ಹೊರಡುವ ಮುಂಚೆ ಮುಖ ನೋಡಿ ಜನರನ್ನು ಎಣಿಸಿ. ಮತ್ತು, ಇದು ಮುಖ್ಯ, ಬಂದ ದೋಣಿಯಲ್ಲೇ ವಾಪಸು ಹೋಗಬೇಕೆಂಬ ಒತ್ತಾಯ ಬಿಡಿ. ಮಧ್ಯಾಹ್ನದ ದೋಣಿಯಲ್ಲಿ ಹೋದವರು ಇಷ್ಟಪಟ್ಟರೆ ಸಂಜೆಯ ದೋಣಿಯಲ್ಲಿ ಬರಲಿ. ಬರುವ ಭಾನುವಾರ ನನ್ನ ಅತ್ತೆ ಒಬ್ಬರೇ ಬರುತ್ತಾರೆ. ಜಾಕೆಟ್ ತೊಡುತ್ತಾರೆ, ನಾನು ಮಾತಾಡಿದ್ದೇನೆ. ಬಿದಿರುಮೆಳೆಯ ಆಚೆಯಿಂದ ಏನಾದರೂ ಸದ್ದು ಕೇಳಿದರೆ ತಮ್ಮ ಸಿಬ್ಬಂದಿ ಓಡಿಹೋಗಿ "ಏನಾಯ್ತಮ್ಮಾ?" ಎಂದು ವಿಚಾರಿಸದಿರಲಿ. ಅವರು ನಮ್ಮ ಮಾವನವರ ಹತ್ತಿರ ಮಾತಾಡುತ್ತಿರುತ್ತಾರೆ.

ಇಂತಿ,
ಈ ಸಲ ದಡದಲ್ಲೇ ಕಾಯಲು ಒಪ್ಪಿಕೊಂಡಿರುವ,
ಜವಾಬ್ದಾರಿಯುತ ಕುಟುಂಬ ಸದಸ್ಯೆ