ಬೊಕ್ಕಪಟ್ಣದವರ ಕಣ್ಣು ನಿರ್ದೋಷವೆಂಬ ವರದಿಯ ಕುರಿತು

ಲೋಕಚಕ್ಷುವಾದ ಶ್ರೀ ಸೂರ್ಯನಾರಾಯಣನಿಗೆ ಶರಣು.

ಕ್ರೋಧಿ ಸಂವತ್ಸರದ ವಿಜಯದಶಮಿ. ಮಕ್ಕಳ ಕೈಹಿಡಿದು ಅಕ್ಕಿಯ ಮೇಲೆ ಅಕ್ಷರ ಬರೆಯಿಸುವ ಪುಣ್ಯದಿನ. ಮಂಗಳೂರು.

ಆರೋಗ್ಯ ಇಲಾಖೆಯ ತರಬೇತಿ ವಿಭಾಗದ ಅಧಿಕಾರಿಗಳಿಗೆ,

ಮಾನ್ಯರೇ,

ವಿದ್ಯಾರಂಭದ ದಿನವೇ ಒಂದು ವಿದ್ಯೆಯ ಉತ್ತರಕ್ರಿಯೆಯ ಕುರಿತು ಬರೆಯಬೇಕಾಗಿ ಬಂದಿದೆ. ಅತ್ತಾವರದಲ್ಲಿ ಕಳೆದ ವರ್ಷ ತಾವೇ ದೀಪ ಬೆಳಗಿಸಿ ತೆರೆದ ನೇತ್ರ ಸಹಾಯಕರ ತರಬೇತಿ ವರ್ಗವನ್ನು ಈ ತಿಂಗಳ ಕೊನೆಗೆ ಮುಚ್ಚತಕ್ಕದ್ದೆಂದು ತಾವೇ ಆಜ್ಞಾಪಿಸಿದ್ದೀರಿ. ಮೀನುಗಾರರ ದೃಷ್ಟಿ ಅತ್ಯುತ್ತಮವಾಗಿರುವುದರಿಂದ ಇಲ್ಲಿ ಅಂಥ ಸಹಾಯಕರ ಅಗತ್ಯವಿಲ್ಲವಂತೆ! ಬೊಕ್ಕಪಟ್ಣದಲ್ಲಿ ನಡೆದ ತಪಾಸಣೆಯೇ ಇದಕ್ಕೆ ಪ್ರಮಾಣವಂತೆ. ಕನ್ನಡಕ ಬೇಕಾದವರು ಅಲ್ಲಿ ಒಬ್ಬರೂ ಸಿಗಲಿಲ್ಲ. ಬಿಸಿಲು, ಉಪ್ಪುಗಾಳಿ, ವೃದ್ಧಾಪ್ಯ ಎಲ್ಲವೂ ಸೇರಿ ಒಂದು ಕಣ್ಣನ್ನೂ ಕೆಡಿಸಲಾರದ ಆ ಊರು ಭೂಲೋಕದಲ್ಲಿದೆಯೇ ಎಂಬ ಸಂದೇಹ ತಮಗೆ ಲೇಶವಾದರೂ ಹುಟ್ಟಲಿಲ್ಲವೇ?

ನಾನು ಆ ಊರಿನವನೇ. ಅಲ್ಲಿನ ಭಜನಾ ಮಂದಿರದಲ್ಲಿ ಪುರಾಣ ಓದುತ್ತ ಮುದುಕನಾದವನು. ಆದ್ದರಿಂದ ತಮ್ಮ ಪ್ರಮಾಣವು ಹುಟ್ಟಿದ ಬಗೆಯನ್ನು ವಿನಯಪೂರ್ವಕವಾಗಿ ನಿವೇದಿಸುತ್ತೇನೆ.

ಮಳೆಗಾಲದ ಆಟಿ ತಿಂಗಳಲ್ಲಿ ದೋಣಿಗಳು ದಡವೇರಿದ್ದಾಗ ತಪಾಸಣೆ ನಡೆಯಿತು. ಇಂಗ್ಲಿಷ್ ಅಕ್ಷರಗಳ ಹಲಗೆಯನ್ನು ಮಂದಿರದ ಗೋಡೆಗೆ ತೂಗುಹಾಕಿ, ಭಜನೆಗೆ ಕೂರುವ ಚಾಪೆಯ ಮೇಲೆಯೇ ಎಲ್ಲರನ್ನೂ ಒಟ್ಟಿಗೆ ಕೂರಿಸಲಾಯಿತು. ಪರೀಕ್ಷಿಸಲು ಬಂದವನು ತರಬೇತಿಯಲ್ಲಿದ್ದ ಆಂಬ್ರೋಸ್ ಎಂಬ ಸಾಧು ತರುಣ. ಮೊದಲು ಶಾಲೆ ಕಲಿತ ಹುಡುಗರು ಗಟ್ಟಿಯಾಗಿ ಓದಿದರು. ಆ ಚಾಪೆಯ ಮೇಲೆ ಒಬ್ಬರು ಒಂದು ಸಾಲು ಹೇಳಿದರೆ ಉಳಿದವರು ಅದನ್ನು ಹಿಂಬಾಲಿಸಿ ಹೇಳುವುದು ನಮ್ಮಲ್ಲಿ ತಲೆಮಾರುಗಳ ಪದ್ಧತಿ. ಸರದಿಗಾಗಿ ಕಾದಿದ್ದ ಹೆಂಗಸರು, ಮುದುಕರು ಮೆಲುದನಿಯಲ್ಲಿ ಹಾಗೆಯೇ ಹೇಳಿಕೊಂಡರು. ತಮ್ಮ ಸರದಿ ಬರುವಷ್ಟರಲ್ಲಿ ಹಲಗೆಯ ತುದಿಸಾಲಿನವರೆಗೂ ಅವರಿಗೆ ಕಂಠಪಾಠವಾಗಿತ್ತು.

ಇದು ನನಗೆ ತಿಳಿದದ್ದು ಮೊನ್ನೆ ಬೆಳಿಗ್ಗೆ. ನನ್ನ ಹೆಂಡತಿ ವಾರಿಜಾಕ್ಷಿ ಬಂಗುಡೆ ಮೀನಿನ ಮೈಮೇಲಿನ ಹುರುಪೆ ಕೆರೆಯುತ್ತ ಏನನ್ನೋ ರಾಗವಾಗಿ ಗುನುಗುತ್ತಿದ್ದಳು.

"ಎಂತ ಅದು, ಹೊಸ ಭಜನೆಯಾ?" ಎಂದೆ.

"ಅಲ್ಲ ಮಾರಾಯ್ರೇ, ಕಣ್ಣಿನ ಪಾಠ. ಇ, ಎಫ್, ಪಿ... ಒಂದೂ ತಪ್ಪದೆ ಹೇಳಿದೆ. ಆ ಹುಡುಗ ಭೇಷ್ ಅಂದ."

"ನಿನಗೆ ಅಕ್ಷರ ಕಂಡಿತಾ?"

"ಕಾಣುದು ಎಂತಕ್ಕೆ? ಬಾಯಿಗೆ ಬರ್ತದಲ್ಲ! ಗೋಡೆಯಲ್ಲಿ ಬೆಳ್ಳಗೆ ಏನೋ ಉಂಟು ಅಂತ ಗೊತ್ತಾಯ್ತು, ಸಾಕು."

ಮಾನ್ಯರೇ, ತಮ್ಮ ವರದಿಯಲ್ಲಿ ನಿರ್ದೋಷ ದೃಷ್ಟಿಯವಳೆಂದು ಶೋಭಿಸುತ್ತಿರುವ ಈ ಸಾಧ್ವಿ ಹೋದ ವಾರ ದೋಣಿ ನಿಲ್ಲುವ ಧಕ್ಕೆಯಲ್ಲಿ ನೀರನ್ನೇ ಹತ್ತುವ ಹಲಗೆಯೆಂದು ಬಗೆದು ಕಾಲಿಟ್ಟಳು. ಮೀನಿನ ಬುಟ್ಟಿ ಹೊಳೆಯ ಪಾಲಾಯಿತು. ಪಕ್ಕದವರು ಸೆರಗು ಹಿಡಿದೆಳೆದದ್ದರಿಂದ ಇವಳು ನನಗೆ ಉಳಿದಳು.

ನನ್ನ ಮೊಮ್ಮಗಳು ದಮಯಂತಿಯೂ ಅದೇ ವರ್ಗದ ವಿದ್ಯಾರ್ಥಿನಿ. ತಪಾಸಣೆಯ ದಿನ ಅವಳನ್ನು ಬೇರೆ ತಪಾಸಣೆಗೆಂದು ಕೊಟ್ಟಾರಕ್ಕೆ ಕಳುಹಿಸಿದ್ದರು. ಇಲ್ಲಿದ್ದಿದ್ದರೆ ಅಜ್ಜಿಯ ಇಂಗ್ಲಿಷ್ ಪಾಂಡಿತ್ಯ ಅಲ್ಲಿಯೇ ಬಯಲಾಗುತ್ತಿತ್ತು. ವಿಷಯ ತಿಳಿದೊಡನೆ ಅವಳು ಆಂಬ್ರೋಸನನ್ನು ಮನೆಗೆ ಕರೆತಂದಳು. ಅವನು ಬಾಗಿಲ ಬಳಿ ನಿಂತು ಬೆರಳುಗಳನ್ನೆತ್ತಿ, ಎಷ್ಟೆಂದು ಕೇಳಿದ. ವಾರಿಜಾಕ್ಷಿ, "ಅದನ್ನು ಯಾರೂ ಹೇಳಿಕೊಡಲಿಲ್ಲವಲ್ಲ ಮಗಾ!" ಎಂದಳು.

"ಅಜ್ಜೀ, ನೀವು ನನ್ನನ್ನು ಮುಳುಗಿಸಿದ್ರಿ!"

"ಭೇಷ್ ಹೇಳಿದ್ದು ನೀನೇ ಅಲ್ವಾ?"

ದಮಯಂತಿ ನಕ್ಕಳು, ನಗುತ್ತಲೇ ಅತ್ತಳು. "ಅಜ್ಜಾ, ಕಣ್ಣೊಳಗೆ ಬೆಳಕು ಹಿಡಿದು ಪೊರೆ ನೋಡುದನ್ನು ಈಗಷ್ಟೇ ಶುರು ಮಾಡಿದ್ದು. ಇನ್ನು ನಾನು ಎಂತ ಮಾಡುದು?" ಎಂದಳು. ಪುರಾಣಗಳಲ್ಲಿ ನಾನು ಉತ್ತರ ಹುಡುಕಿದೆ, ಸಿಗಲಿಲ್ಲ. ಆ ಪ್ರಶ್ನೆಯನ್ನು ತಮಗೆ ಒಪ್ಪಿಸುತ್ತಿದ್ದೇನೆ.

ಆಂಬ್ರೋಸ್ ತಮ್ಮ ಕಚೇರಿಗೇ ಬಂದು ತನ್ನ ಪ್ರಮಾದವನ್ನು ಅರಿಕೆ ಮಾಡಿಕೊಂಡ. "ವರದಿ ಮೇಲೆ ಹೋಗಿ ಆಯ್ತು, ಇನ್ನು ತಿದ್ದಲಿಕ್ಕೆ ಇಲ್ಲ" ಎಂಬ ಉತ್ತರ ದೊರೆಯಿತು. ಮೇಲೆ ಹೋದದ್ದು ಕೆಳಗಿಳಿಯಬಾರದೆಂಬುದು ಯಾವ ಶಾಸ್ತ್ರ? ಮೋಡವೂ ಇಳಿಯುತ್ತದೆ, ಸ್ವಾಮಿ. ಕಲಿಯುವವರೇ ತಪ್ಪು ಮಾಡಿದರೆಂದು ತಾವು ಹೇಳಬಹುದು. ಅಹುದು, ಕಲಿಯುತ್ತಿರುವುದರಿಂದಲೇ ಮಾಡಿದರು. ಬಾಯಿಪಾಠಕ್ಕೂ ನೋಟಕ್ಕೂ ಇರುವ ಅಂತರವನ್ನು ಈಗ ಅವರು ಜನ್ಮಪೂರ್ತಿ ಮರೆಯರು. ಅದನ್ನು ಅರಿತ ಗಳಿಗೆಯಲ್ಲೇ ಅವರನ್ನು ಮನೆಗಟ್ಟುವುದು ಎಂಥ ವಿವೇಕ?

ಆದ್ದರಿಂದ ಮುಚ್ಚುವ ಆಜ್ಞೆಯನ್ನು ಹಿಂತೆಗೆದುಕೊಳ್ಳತಕ್ಕದ್ದು. ಆಂಬ್ರೋಸ್, ದಮಯಂತಿ ಇಬ್ಬರನ್ನೂ ಬೊಕ್ಕಪಟ್ಣಕ್ಕೆ ಮತ್ತೆ ಕಳುಹಿಸತಕ್ಕದ್ದು. ಈ ಬಾರಿ ಬಾಗಿಲು ಹಾಕಿ ಒಬ್ಬೊಬ್ಬರನ್ನೇ ಒಳಗೆ ಕರೆಯಲಿ, ಚಿಹ್ನೆ ಯಾವ ದಿಕ್ಕಿಗೆ ತಿರುಗಿದೆಯೆಂದು ಕೈಯಿಂದ ತೋರಿಸುವ ಹಲಗೆಯನ್ನು ಒಯ್ಯಲಿ. ಆ ಫಲಿತಾಂಶ ಬಂದ ಮೇಲೂ ಈ ವರ್ಗ ಅನಾವಶ್ಯಕವೆಂದು ತೋರಿದರೆ, ತಾವೇ ಒಮ್ಮೆ ನಮ್ಮ ಧಕ್ಕೆಗೆ ಬಂದು ನನ್ನ ಹೆಂಡತಿಯ ಕೈಹಿಡಿದು ದೋಣಿ ಹತ್ತಿಸಿ ನೋಡಿ.

ಭಜನೆಯಂತೆ ಅಕ್ಷರ ಹಾಡಿದ ಮುಗ್ಧರಿಗೂ, ಅದನ್ನು ನಂಬಿದ ಆಂಬ್ರೋಸನಿಗೂ, ಬೆಳಕು ಹಿಡಿಯಲು ಕಾದಿರುವ ದಮಯಂತಿಗೂ, ಇದನ್ನು ಓದುವ ತಮಗೂ ಆ ಲೋಕಚಕ್ಷುವು ತಿಳಿಯಾದ ನೋಟವನ್ನು ಅನುಗ್ರಹಿಸಲಿ.

ಇಂತಿ,
ಮೀನು ಸಾರಿನಲ್ಲಿ ದಿನವೂ ಹುರುಪೆ ಹೆಕ್ಕುತ್ತ ಉಣ್ಣುವ,
ನಿರ್ದೋಷ ದೃಷ್ಟಿಯವಳ ಗಂಡ,
ಚೆನ್ನಪ್ಪ, ಬೊಕ್ಕಪಟ್ಣ