ಕತ್ತಿನ ಹಿಮ್ಮಡಿ

ಅಪ್ಪ,

ಅಕ್ಷರ ಸೊಟ್ಟಗಿವೆ, ಹೊಂದಿಸಿಕೊಂಡು ಓದು. ನನ್ನ ಗಿಟಾರು ನಿನ್ನ ಬಡಗಿ ಅಂಗಡಿಗೆ ಬಂದು ತಲುಪಿತೆಂದು ಅಮ್ಮ ಹೇಳಿದಳು. ದಯವಿಟ್ಟು ಅದಕ್ಕೆ ಉಳಿ ಮುಟ್ಟಿಸಬೇಡ.

ಗಿಟಾರಿನ ಕತ್ತು ಮೈಗೆ ಸೇರುವ ಜಾಗಕ್ಕೆ ನಾವು ಹಿಮ್ಮಡಿ ಅನ್ನುತ್ತೇವೆ ಎಂದಾಗ, "ಕತ್ತಿಗೆ ಎಲ್ಲಾದ್ರೂ ಹಿಮ್ಮಡಿ ಇರುತ್ತೇನೇ?" ಅಂತ ನೀನು ನಕ್ಕಿದ್ದೆ. ನನ್ನಂಥ ಅಗ್ಗದ ಗಿಟಾರಿನಲ್ಲಿ ಅದು ಇಟ್ಟಿಗೆಯ ಹಾಗೆ ಚೌಕವಾಗಿರುತ್ತದೆ. ತೀರಾ ಮೇಲಿನ ಸ್ವರಕ್ಕೆ ಕೈ ಚಾಚಿದರೆ ಮೂಲೆ ಅಂಗೈಗೆ ಒತ್ತುತ್ತದೆ. ದುಬಾರಿ ಗಿಟಾರಿನಲ್ಲಿ ಆ ಮೂಲೆಯನ್ನು ಕೆತ್ತಿ, ಉಜ್ಜಿ, ಕೈಗೆ ದಾರಿ ಬಿಟ್ಟಿರುತ್ತಾರೆ. "ಇಷ್ಟೇ ತಾನೆ, ಕಳಿಸು, ನಾನೇ ದುಂಡಗೆ ಮಾಡಿಕೊಡ್ತೀನಿ" ಅಂದೆ ನೀನು.

ನಿನ್ನೆ ನಮ್ಮ ತಂಡದ ಹಾಡುಗಾರ ತನ್ನ ದುಬಾರಿ ಗಿಟಾರನ್ನು ನನ್ನ ಕೈಗೆ ಕೊಟ್ಟ. ಹಿಮ್ಮಡಿ ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ, ಕೈ ಸಲೀಸಾಗಿ ಮೇಲೆ ಹೋಯಿತು. ಆದರೂ ಕಿರುಬೆರಳು ಆ ಸ್ವರವನ್ನು ಮುಟ್ಟಲಿಲ್ಲ. ಮತ್ತೆ ಮತ್ತೆ ಚಾಚಿ ನೋಡಿದೆ. ನನ್ನ ಬೆರಳ ಗಂಟುಗಳನ್ನು ಒತ್ತಿ ನೋಡಿ, ಇವು ಬಿಗಿಯುತ್ತಾ ಹೋಗುತ್ತವೆ ಅಂತ ಡಾಕ್ಟರು ಹೇಳಿದ್ದೇ ಸರಿ ಅಪ್ಪ. ಪಾಪ, ಗಿಟಾರಿನದೇನೂ ತಪ್ಪಿರಲಿಲ್ಲ.

ಅಮ್ಮನಿಗೆ ಈಗಲೇ ಹೇಳಬೇಡ. ತಂಡದವರಿಗೂ ನಾನು ಹೇಳಿಲ್ಲ. ಗಿಟಾರು ರಿಪೇರಿಗೆ ಹೋಗಿದೆ, ಬಂದರೆ ಎಲ್ಲಾ ಸರಿಹೋಗುತ್ತದೆ ಅಂದಿದ್ದೇನೆ.

ಒಂದು ಹಳೇ ಬಟ್ಟೆಯಲ್ಲಿ ಧೂಳು ಒರೆಸಿ, ಹಾಗೇ ವಾಪಸ್ಸು ಕಳಿಸಿಬಿಡು. ಆ ಚೌಕ ಮೂಲೆ ಇರಲಿ. ಮುಂದಿನ ಸಲ ಸ್ವರ ತಪ್ಪಿದಾಗ ಬೈಯಲು ನನಗೆ ಅದೊಂದಾದರೂ ಬೇಕು.

ನಿನ್ನ
ಮೊಂಡಿ